ಹಳೇದಾಗ್ಲಿ ತಡೀರಿ

ಗಂಗಾವತಿಯಲ್ಲಿ ನಮ್ಮ ಪಕ್ಕದ ಅಂಗಡಿಯ ಅಕ್ಕಿ ವ್ಯಾಪಾರಿ ಜೀವನದಲ್ಲಿ ಬಾಸ್ಕೆಟ್‌ಬಾಲ್ ಮುಟ್ಟಿದವರಲ್ಲ. ಆದರೆ ಮೊಬೈಲ್ ಆಟದ ಲೀಗಿನಲ್ಲಿ ಅವರದೊಂದು ತಂಡವಿತ್ತು. ಆಟಗಾರರನ್ನು ಕೊಂಡು, ತರಬೇತಿ ಕೊಟ್ಟು ಬೆಳೆಸುವುದು ಅವರ ಕೆಲಸ. ಪಂದ್ಯ ಮೊಬೈಲೇ ಆಡಿಕೊಳ್ಳುತ್ತಿತ್ತು. ನಾನು ಅವರ ಸಲಹೆಗಾರ, ಅಂದರೆ ಹೇಳಿ ಹೇಳಿ ಸೋಲುವವನು.

ಎಡ ಅಂಗೈಯಲ್ಲಿ ಅಕ್ಕಿ ಉಜ್ಜುತ್ತ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತ, ಬಲಗೈಯಿಂದ ತರಬೇತಿ ಕೊಡುತ್ತಿದ್ದರು. ಹದಿನೆಂಟರ ಒಬ್ಬ ಆಟಗಾರ ಸಿಕ್ಕಿದ್ದ. ಎಲ್ಲಿಂದ ಎಸೆದರೂ ಚೆಂಡು ಬುಟ್ಟಿಗೇ.

"ಇವನ್ನ ಆಟಕ್ಕ ಇಳಸ್ರಿ, ಸಾವ್ಕಾರ್ರ."

"ಹಳೇದಾಗ್ಲಿ ತಡೀರಿ. ಅಕ್ಕಿ ಹೊಸದಿದ್ರ ಅನ್ನ ಮುದ್ದಿ ಆಗತೈತಿ."

ಆ ಲೀಗಿನಲ್ಲಿ ತಿಂಗಳಿಗೇ ಒಂದು ವರ್ಷ ಕಳೆಯುತ್ತದೆ ಎಂದೆ.

"ಛಲೋ ಆತಲ್ಲ. ಲಗೂ ಹಳೇದಾಗತೈತಿ."

ನಾನು ಹೇಳುವುದನ್ನೇ ಬಿಟ್ಟೆ. ಒಂದೂವರೆ ವರ್ಷ ತಂಡ ಸೋಲುತ್ತ ಹೋಗಿ, ಇನ್ನೊಂದು ಪಂದ್ಯ ಸೋತರೆ ಕೆಳಗಿನ ಲೀಗಿಗೆ ಬೀಳುವ ದಿನ ಬಂತು. ಸಾವ್ಕಾರರು ಕೈಯಲ್ಲಿದ್ದ ಅಕ್ಕಿಯನ್ನು ಚೀಲಕ್ಕೆ ಹಾಕಿ, ಗಂಭೀರವಾಗಿ ಮೊಬೈಲನ್ನು ನನ್ನ ಮುಂದೆ ಹಿಡಿದರು. "ಈಗ ತಗೀರಿ ಅವನ್ನ."

ತೆಗೆದು ನೋಡಿದರೆ, ಒಂದೂ ಪಂದ್ಯ ಆಡದೆ ಅವನು ವಯಸ್ಸಾಗಿ ನಿವೃತ್ತನಾಗಿದ್ದ. ಇವರನ್ನು ತರಬೇತುದಾರರನ್ನಾಗಿ ಇಟ್ಟುಕೊಳ್ಳುವಿರಾ ಎಂದು ಮೊಬೈಲ್ ಕೇಳುತ್ತಿತ್ತು.

ಸಾವ್ಕಾರರ ಮುಖ ಅರಳಿತು. "ನೋಡಿದ್ರೇನು? ಹಳೇದಾದ ಮ್ಯಾಲೇ ಕಿಮ್ಮತ್ತು."

ತಂಡ ಕೆಳಗೆ ಬಿತ್ತು. ಹೊಸ ತರಬೇತುದಾರನ ಪಕ್ಕದ ಬೆಂಚಿನಲ್ಲಿ ಮರುದಿನವೇ ಇನ್ನಿಬ್ಬರು ಹುಡುಗರು ಹಳಬರಾಗಲು ಕುಳಿತರು.