ಕಿವಿಯಲ್ಲೇ ಕೊಬ್ಬರಿ ನೋಡುತ್ತಿದ್ದ ಯಜಮಾನರು

ಮೊನ್ನೆ ಅಟ್ಟದಿಂದ ಕಾಯಿ ಇಳಿಸುವಾಗ ಒಣಗಿದ ಕೊಬ್ಬರಿಯ ಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿದೆ. ಚಿಪ್ಪಿನೊಳಗೆ ಬಿಟ್ಟುಕೊಂಡ ಕೊಬ್ಬರಿ ಲೊಡಲೊಡ ಎಂದಿತು. ಪಕ್ಕದ ಮನೆಯ ಯಜಮಾನರು ಬೆನ್ನ ಹಿಂದೆಯೇ ನಿಂತಂತಾಯಿತು...

ನಮ್ಮ ಕಣಕಟ್ಟೆ ಸುತ್ತಿನಲ್ಲಿ ಅವರಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಒಡೆಯದೆ, ಬರೀ ಅಲುಗಿಸಿ, ಇದು ಒಳ್ಳೆಯದು, ಇದು ಕೊಳೆತದ್ದು ಎಂದು ಎರಡು ಗುಡ್ಡೆ ಮಾಡುತ್ತಿದ್ದರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮಿಕ್ಕ ವಿದ್ಯೆಯೆಲ್ಲ ಅವರ ಪಕ್ಕ ಕೂತು ಕಲಿತದ್ದೇ.

ಕೆಲವು ವರ್ಷಗಳ ಹಿಂದೆ ಅವರಿಗೆ ಮೂತ್ರ ಕಟ್ಟತೊಡಗಿತು. ಅರಸೀಕೆರೆಯ ಡಾಕ್ಟರು, ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಬರೀ ಊತವೋ ಕ್ಯಾನ್ಸರೋ ತಿಳಿಯಲು ಒಂದು ಚೂರು ತೆಗೆದು ನೋಡಬೇಕು ಎಂದರಂತೆ. ಬಸ್ಸಿಳಿದು ಬಂದವರು ನಮ್ಮ ಜಗಲಿಯ ಮೇಲೆ ಕೂತು ನಕ್ಕರು.

"ಒಡ್ದಿದ್ ಕಾಯಿ ಮತ್ತೆ ಅಟ್ಟ ಹತ್ತುತ್ತೇನ್ಲಾ? ಚುಚ್ಚಿದ್ರೆ ಇಲ್ದಿದ್ದೂ ಹರಡ್ತೈತೆ. ವಯಸ್ಸಾದೋರಿಗೆಲ್ಲ ಇದ್ದದ್ದೇ ಕಣೋ."

ನಾನು ಹೂಂ ಎಂದೆ. ಅವರನ್ನು ಹೇಗಾದರೂ ಒಪ್ಪಿಸು ಎಂದು ಅವರ ಹೆಂಡತಿ ಬೇಡಿಕೊಂಡಾಗಲೂ ಯಜಮಾನರ ಪರವೇ ಮಾತಾಡಿದೆ. ಅದು ಕ್ಯಾನ್ಸರ್ ಎಂದು ತಿಳಿದದ್ದು ಸೊಂಟದ ಮೂಳೆಗೆ ಇಳಿದ ಮೇಲೆ. ಕೊನೆಗೆ ಕೈಯಲ್ಲಿ ಕಾಯಿ ಎತ್ತುವ ಶಕ್ತಿಯೂ ಉಳಿಯಲಿಲ್ಲ. ನಾನೇ ಅವರ ಕಿವಿಯ ಬಳಿ ಅಲುಗಿಸುತ್ತಿದ್ದೆ. ಅವರು ಕಣ್ಣಿನಲ್ಲೇ ಗುಡ್ಡೆ ತೋರಿಸುತ್ತಿದ್ದರು...

ಈ ವರ್ಷ ನನಗೂ ಅದೇ ತೊಂದರೆ ಶುರುವಾಯಿತು. ನನ್ನ ಮೊಮ್ಮಗಳು ಹಾಸನದ ಲ್ಯಾಬಿನಲ್ಲಿ ಇಂಥ ಚೂರುಗಳನ್ನೇ ನೋಡುವವಳು. ಇದನ್ನು ಹೇಳುವಾಗಲೇ ಎದೆ ಉಬ್ಬುತ್ತದೆ, ಏನು ಮಾಡಲಿ! ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ನೀಲಿಯ ನಡುವೆ ಕಂದು ಚುಕ್ಕೆಗಳು. ಗಂಡಸಿನ ಹಾರ್ಮೋನು ಬಂದು ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರಂತೆ. ಅದು ಇರುವಲ್ಲಿ ಆ ಬಣ್ಣ ಹತ್ತುತ್ತದಂತೆ. ಬರೀ ಊತದಲ್ಲೂ ಅವು ಇರುತ್ತವೆ, ಕ್ಯಾನ್ಸರಿನಲ್ಲೂ ಇರುತ್ತವೆ. ಎರಡು ಕಡೆ ಏನು ವ್ಯತ್ಯಾಸ ಎಂದು ಹುಡುಕುವುದೇ ಅವಳ ಕೆಲಸ. ಹಾರ್ಮೋನನ್ನು ಅಲ್ಲಿ ಕೂರಗೊಡದ ಮದ್ದೂ ಇದೆಯಂತೆ.

ಹೊರಗಿನಿಂದಲೇ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ.

"ಇಲ್ಲ ತಾತ. ಚೂರು ನೋಡ್ದೆ ಖಚಿತವಾಗಿ ಯಾರೂ ಹೇಳಕ್ಕಾಗಲ್ಲ."

ನನ್ನವಳು ಬೇಡವೆಂದು ಅತ್ತಳು. ನನಗೆ ಹೆದರಿಕೆಯಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮನಸ್ಸು ಗಟ್ಟಿಯಾಗಿತ್ತು.

"ಒಬ್ಬರ ವಿಷಯದಲ್ಲಿ ಹೂಂ ಅಂದು ಕೆಟ್ಟಿದೀನಿ ಕಣೇ. ಈ ಸಲ ಚೂರು ತೆಗೆಸೇ ಬತ್ತೀನಿ."

ಚೂರು ತೆಗೆಸಿದೆ. ಬರೀ ಊತ ಎಂದು ರಿಪೋರ್ಟು ಬಂತು. ಹಳೇಬೀಡಿನ ಬೀಗರಿಗೂ, ಕಾಯಿ ಕೆಡಹುವವನಿಗೂ, ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಮಿಕ್ಕ ಚೂರು ಕಲಿಯುವವರಿಗಿರಲಿ ಎಂದು ಅಕ್ಷರ ಕೂಡಿಸಿ ಕೂಡಿಸಿ ಸಹಿಯನ್ನೂ ಹಾಕಿಕೊಟ್ಟೆ.

ಈಗ ಅಟ್ಟದ ಕೆಳಗೆ ಕೂತು ಎರಡು ಗುಡ್ಡೆ ಮಾಡುತ್ತಿದ್ದೇನೆ. ಅನುಮಾನ ಬಂದ ಕಾಯನ್ನು ಒಡೆದೇ ನೋಡುತ್ತೇನೆ. ಆವತ್ತು ಜಗಲಿಯ ಮೇಲೆ ಹೂಂ ಎನ್ನದೆ, ಕೈಹಿಡಿದು ಅವರನ್ನು ಅರಸೀಕೆರೆ ಬಸ್ಸಿಗೆ ಹತ್ತಿಸಿದ್ದರೆ... ಗುಡ್ಡೆಯ ಆ ಕಡೆ ಅವರು ಕೂರುತ್ತಿದ್ದ ಮಣೆ ಇವತ್ತು ಖಾಲಿ ಇರುತ್ತಿರಲಿಲ್ಲವೇನೋ.