ಮುನಿರಾಜಣ್ಣನ ಅಂಗೈ

ಗೆಳೆಯರೇ, ನನ್ನ ಹಳೆಯ ಫೋರ್‌ವ್ಹೀಲ್ ಜೀಪು ಮೂರು ತಿಂಗಳಿಂದ ಡೀಸೆಲ್ಲನ್ನು ನೀರಿನಂತೆ ಕುಡಿಯುತ್ತಿತ್ತು. ಎರಡು ಸಲ ಇಂಜಿನ್ ಟ್ಯೂನಿಂಗ್ ಮಾಡಿಸಿದರೂ ಮೈಲೇಜ್ ಏರಲಿಲ್ಲ. ಇವತ್ತು ಸಿಂಗಸಂದ್ರದ ಮೆಕ್ಯಾನಿಕ್ ಮುನಿರಾಜಣ್ಣನ ಶೆಡ್ಡಿಗೆ ಒಯ್ದೆ.

ಅವರು ಬಾನೆಟ್ ಎತ್ತಲೇ ಇಲ್ಲ. ಜೀಪನ್ನು ಒಂದು ಸುತ್ತು ಓಡಿಸಿ ತಂದವರು, ಮಗುವಿನ ಹಣೆ ಮುಟ್ಟಿ ನೋಡುವಂತೆ ಒಂದೊಂದೇ ಚಕ್ರಕ್ಕೆ ಅಂಗೈ ಹಿಡಿದರು.

"ಇಂಜಿನ್ ಚೆನ್ನಾಗೈತೆ ಸಾರ್. ಮುಂದಿನ ಎಡ ಚಕ್ರ ಮಾತ್ರ ಕಾದೈತೆ, ಬ್ರೇಕು ಜಾಮ್ ಆಗೈತೆ. ಜ್ವರ ಬಂದಿರೋದು ಚಕ್ರಕ್ಕೆ, ನೀವು ಔಷಧಿ ಕುಡಿಸಿರೋದು ಇಂಜಿನ್‌ಗೆ!"

ಚಕ್ರ ಬಿಚ್ಚಿದರೆ ಬ್ರೇಕು ನಿಜಕ್ಕೂ ಕಚ್ಚಿಕೊಂಡಿತ್ತು. ಬೆರಗಾಗಿ ಆ ಅಂಗೈಯನ್ನೇ ನೋಡುತ್ತ ನಿಂತೆ.

"ತಾವೇನ್ ಕೆಲ್ಸ ಮಾಡ್ತೀರಾ ಸಾರ್?" ಎಂದರು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾಹನಗಳ ಶಾಖ ಅಳೆಯುವ ಸೆನ್ಸರ್ ತಯಾರಿಸುವ ಇಂಜಿನಿಯರ್ ನಾನು.

"ಬ್ಯಾಂಕಲ್ಲಿದೀನಿ" ಅಂದುಬಿಟ್ಟೆ.