ಹೆಪ್ಪು ಕೊಟ್ಟವರ ಮೊಸರು

ಸ್ನೇಹಿತರೇ, ಇವತ್ತು ಭಾರತೀನಗರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಮೂರು ಬಗೆಯ ಜೀವಕೋಶ ತೋರಿಸುತ್ತಿದ್ದೆ. ಸಸ್ಯಕೋಶಕ್ಕೆ ಈರುಳ್ಳಿ ಪೊರೆ, ಪ್ರಾಣಿಕೋಶಕ್ಕೆ ನನ್ನದೇ ಕೆನ್ನೆಯ ಒಳಪದರ, ಬ್ಯಾಕ್ಟೀರಿಯಾಕ್ಕೆ ಮೊಸರು. ನಾನು ಹೇಳಿದಂತೆ ಮೊಸರು ತಂದಿದ್ದವಳು ಊರಾಚೆಯ ದಲಿತ ಕಾಲೋನಿಯ ಸುಮಾ. ಅದನ್ನು ಗಾಜಿನ ಮೇಲೆ ಹಚ್ಚು ಎಂದರೆ ಗೌಡರ ಮನೆಯ ರಕ್ಷಿತಾ ಕೈ ಹಿಂದಕ್ಕೆಳೆದುಕೊಂಡಳು.

"ಅದ್ ಬ್ಯಾಡ ಮಿಸ್, ನಾನೂ ತಂದಿವ್ನಿ."

"ತಿನ್ನೋಕಲ್ಲಮ್ಮ, ನೋಡೋಕೆ," ಎಂದೆ.

"ಮುಟ್ಬೇಕಲ್ಲ ಮಿಸ್."

ಸುಮಾ ತಲೆಯೆತ್ತಿದಳು. "ಹೆಪ್ಪು ಕೊಟ್ಟಿದ್ದು ನಿಮ್ಮವ್ವನೇ ಕಣಮ್ಮಿ. ನಿಮ್ಮನೆ ಮೊಸ್ರೇ ಇದು."

"ಕೊಟ್ಟಿದ್ದು ಸರಿ. ನಾವೇನ್ ನಿಮ್ತಾವ ಈಸ್ಕಂಡಿದ್ವಾ?" ಎಂದಳು ರಕ್ಷಿತಾ.

ಹೇಳಬೇಕಾದದ್ದು ಬಹಳವಿತ್ತು. ಆದರೆ ಗಂಟೆ ಹೊಡೆಯಲು ಹತ್ತೇ ನಿಮಿಷ ಉಳಿದಿತ್ತು, ಇದ್ದದ್ದು ಒಂದೇ ಮೈಕ್ರೋಸ್ಕೋಪು. ಅದು ಕಾರಣವೋ ನೆಪವೋ ಈಗಲೂ ತಿಳಿಯುತ್ತಿಲ್ಲ. ರಕ್ಷಿತಾಳ ಮೊಸರನ್ನೇ ಹಚ್ಚಿದೆ. ಸುಮಾ ತನ್ನ ಡಬ್ಬಿಯ ಮುಚ್ಚಳ ಒತ್ತಿ ಬ್ಯಾಗಿಗೆ ಹಾಕಿಕೊಂಡಳು.

ಆಮೇಲೆ ಎಲ್ಲರೂ ವ್ಯತ್ಯಾಸಗಳನ್ನು ಅಚ್ಚುಕಟ್ಟಾಗಿ ಬರೆದರು. ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವಿಲ್ಲ, ಉಳಿದೆರಡಕ್ಕೆ ಇದೆ. ಸುಮಾ, ರಕ್ಷಿತಾ ಇಬ್ಬರದೂ ಸರಿ. ಪೂರ್ತಿ ಅಂಕ ಕೊಟ್ಟೆ.

ಪಾಠ ಮಾಡಿದವರಿಗೂ ಅಂಕ ಹಾಕುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಬದುಕಿಕೊಂಡೆ.